ಟೆರಾಬೈಟ್‌ಗಟ್ಟಲೆ ವಿಜ್ಞಾನದ ಚಿತ್ರಗಳನ್ನು ಕುಗ್ಗಿಸಿ ಇಡುವುದು ಹೇಗೆ

ಡಿಸ್ಕ್ ತುಂಬಿದೆ ಅನ್ನುವ ಸಂದೇಶ ಬರೋದು ಯಾವಾಗಲೂ ಪ್ರಯೋಗ ಅರ್ಧಕ್ಕೆ ಬಂದಾಗಲೇ. ಆಗ ಕೈಗೆ ಸಿಕ್ಕ ಹಳೆಯ ಫೋಲ್ಡರ್ ಅಳಿಸುತ್ತೇವೆ, ಇಲ್ಲವೇ ಎಲ್ಲವನ್ನೂ ಝಿಪ್ ಮಾಡೋಕೆ ಹಾಕಿ ಮಲಗುತ್ತೇವೆ. ಬೆಳಗ್ಗೆ ಎದ್ದು ನೋಡಿದರೆ ಝಿಪ್ ಇನ್ನೂ ಓಡುತ್ತಲೇ ಇರುತ್ತದೆ, ಉಳಿದ ಜಾಗ ಮಾತ್ರ ಅಷ್ಟಕ್ಕಷ್ಟೇ. ಇಂಥ ರಾತ್ರಿಗಳನ್ನು ಸಾಕಷ್ಟು ಕಳೆದಿದ್ದೇನೆ. ನನ್ನ ಕೆಲಸ ಮೈಕ್ರೋಸ್ಕೋಪಿನ ಚಿತ್ರಗಳ ಜೊತೆ, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ. ಆದರೆ ಟೆಲಿಸ್ಕೋಪ್, ಎಕ್ಸ್‌ರೇ ಡಿಟೆಕ್ಟರ್, ಸ್ಕ್ಯಾನರ್ ಯಾವುದೇ ಇರಲಿ, ಲೆಕ್ಕ ಹೆಚ್ಚುಕಮ್ಮಿ ಒಂದೇ.

ಎಲ್ಲರೂ ಮೊದಲು ಕೇಳೋದು "ಯಾವ ಕಂಪ್ರೆಶನ್ ಒಳ್ಳೆಯದು?" ಅಂತ. ಅದು ಮೂರನೇ ಪ್ರಶ್ನೆ. ಚಿತ್ರದಲ್ಲಿ ನಾಯ್ಸ್, ಅಂದರೆ ಅದೇ ದೃಶ್ಯವನ್ನು ಮತ್ತೆ ತೆಗೆದರೂ ಪಿಕ್ಸೆಲ್ ಬೆಲೆಯಲ್ಲಿ ಬರುವ ಅಡ್ಡಾದಿಡ್ಡಿ ಏರಿಳಿತ, ಎಷ್ಟಿದೆ ಅನ್ನೋದು ಮೊದಲನೆಯದು. ಆ ಚಿತ್ರವನ್ನು ಆಮೇಲೆ ಯಾರು, ಯಾವ ದಿಕ್ಕಿನಿಂದ ಓದುತ್ತಾರೆ ಅನ್ನೋದು ಎರಡನೆಯದು. ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಮೂರನೆಯದಕ್ಕೆ ಅರ್ಧ ದಿನ ಸಾಕು.

1. ಮೊದಲು ಕಾಗದದ ಮೇಲೆ ಲೆಕ್ಕ

ಒಂದು ಸಾಮಾನ್ಯ ಸಿಮಾಸ್ (CMOS) ಸೆನ್ಸರಿನ ಕ್ಯಾಮೆರಾ ತಗೊಳ್ಳಿ. 2048 × 2048 ಪಿಕ್ಸೆಲ್, ಒಂದೊಂದಕ್ಕೆ 16 ಬಿಟ್. ಒಂದು ಚಿತ್ರಕ್ಕೆ ಸುಮಾರು 8.4 ಎಂಬಿ. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ತೆಳು ಹಾಳೆಯಂಥ ಬೆಳಕು ಹಾಯಿಸಿ ಪದರ ಪದರವಾಗಿ ಚಿತ್ರ ತೆಗೆಯುವ ಲೈಟ್‌ಶೀಟ್ ಮೈಕ್ರೋಸ್ಕೋಪಿನಲ್ಲಿ ಒಂದು ಭ್ರೂಣವನ್ನು ಮೇಲಿಂದ ಕೆಳಗಿನವರೆಗೆ 500 ಪದರಗಳಲ್ಲಿ ತೆಗೆದರೆ ಒಂದು ವಾಲ್ಯೂಮ್, ಅಂದರೆ ಆ ಪದರಗಳ ಇಡೀ ಕಟ್ಟು, 4.2 ಜಿಬಿ. ಅದನ್ನೇ 30 ಸೆಕೆಂಡಿಗೊಮ್ಮೆ ತೆಗೆದರೆ ಗಂಟೆಗೆ 500 ಜಿಬಿ, ದಿನಕ್ಕೆ 12 ಟಿಬಿ.

ಈಗ ಇದನ್ನು ಸೆಕೆಂಡಿಗೆ ಇಳಿಸಿ. ಸೆಕೆಂಡಿಗೆ 140 ಎಂಬಿ. ಒಂದು ಗಿಗಾಬಿಟ್ ನೆಟ್‌ವರ್ಕ್ ತಂತಿಯಲ್ಲಿ ಹರಿಯೋದು ಹೆಚ್ಚೆಂದರೆ 125 ಎಂಬಿ, ಕೈಗೆ ನಿಜವಾಗಿ ಸಿಗೋದು 110ರ ಆಸುಪಾಸು. ಅಂದರೆ ಒಂದು ದಿನದ ಚಿತ್ರಗಳನ್ನು ಸರ್ವರಿಗೆ ಸಾಗಿಸೋಕೆ 30 ಗಂಟೆ ಬೇಕು. ಕ್ಯಾಮೆರಾ ಓಡುತ್ತಿರುವಷ್ಟು ದಿನವೂ ನೀವು ಹಿಂದೆಯೇ ಇರುತ್ತೀರಿ. ಮೂರು ಪಟ್ಟು ಕುಗ್ಗಿಸಿದರೆ ಅದೇ ಕೆಲಸ 10 ಗಂಟೆಗೆ ಮುಗಿಯುತ್ತದೆ. ಹಾಗಾಗಿ ಕುಗ್ಗಿಸುವ ಕೆಲಸ ನಡೆಯಬೇಕಾದದ್ದು ಚಿತ್ರ ಹುಟ್ಟುವ ಕಂಪ್ಯೂಟರಿನಲ್ಲೇ, ಸರ್ವರಿಗೆ ಹೋದ ಮೇಲಲ್ಲ. ನನ್ನ ಕಣ್ಣಿಗೆ ಬಿದ್ದ ಬಹುತೇಕ ಕಡೆ ಇದು ಉಲ್ಟಾ ಇರುತ್ತದೆ.

ದೊಡ್ಡವರ ಲೆಕ್ಕವೂ ಇದೇ ಜಾತಿಯದು. ಚಿಲಿಯ ರೂಬಿನ್ ವೀಕ್ಷಣಾಲಯದ ಕ್ಯಾಮೆರಾ 3200 ಮೆಗಾಪಿಕ್ಸೆಲ್, ರಾತ್ರಿಗೆ ಸುಮಾರು 20 ಟಿಬಿ. 2017ರಲ್ಲಿ ಕಪ್ಪುಕುಳಿಯ ಚಿತ್ರಕ್ಕಾಗಿ ಈವೆಂಟ್ ಹೊರೈಜನ್ ಟೆಲಿಸ್ಕೋಪ್ (ಬೇರೆಬೇರೆ ಕಡೆಯ ರೇಡಿಯೋ ಟೆಲಿಸ್ಕೋಪ್‌ಗಳ ಜಾಲ) ಕಲೆಹಾಕಿದ್ದು ಸುಮಾರು 5 ಪೆಟಾಬೈಟ್. ಅದನ್ನು ಯಾವ ನೆಟ್‌ವರ್ಕಿನಲ್ಲೂ ಕಳಿಸುವಂತಿರಲಿಲ್ಲ, ಹಾರ್ಡ್ ಡಿಸ್ಕ್‌ಗಳನ್ನೇ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೂ ತಿಂಗಳುಗಟ್ಟಲೆ ಕಾದವು. ಚಿನ್ನದಂಥ ಸಾಫ್ಟ್‌ವೇರ್ ಇದ್ದರೂ ತಂತಿ ಸಣ್ಣದಿದ್ದರೆ ಅಷ್ಟೇ.

2. ನಾಯ್ಸ್ ಅಳೆಯಿರಿ

ಇದೇ ಅಸಲಿ ಕೆಲಸ, ಮತ್ತು ಹೆಚ್ಚಿನವರು ಹಾರಿಸುವ ಕೆಲಸವೂ ಇದೇ.

ಕಂಪ್ರೆಶನ್ ಅಂದರೆ ಮುಂದಿನ ಸಂಖ್ಯೆಯನ್ನು ಊಹಿಸೋದು. ಊಹೆ ಸರಿಯಾದಷ್ಟೂ ಬರೆಯೋದು ಕಡಿಮೆ. ನಾಯ್ಸನ್ನು ಯಾರೂ ಊಹಿಸಲಾರರು, ಎಷ್ಟೇ ಜಾಣ ಅಲ್ಗಾರಿದಮ್ ಆದರೂ ಅದನ್ನು ಹಾಗೇ ಬರೆದಿಡಬೇಕು. ಚಿತ್ರದ ಗಾತ್ರ ಎಷ್ಟಕ್ಕೆ ಇಳಿಯಬಹುದು ಅನ್ನೋದನ್ನು ನಾಯ್ಸೇ ತೀರ್ಮಾನಿಸುತ್ತದೆ.

ಹತ್ತಿರದಿಂದ ನೋಡೋಣ. ಒಂದು ಚಿತ್ರದ ಕತ್ತಲೆ ಮೂಲೆಯಿಂದ ನಾಲ್ಕು ಪಿಕ್ಸೆಲ್ ಹೆಕ್ಕಿದೆ ಅಂದುಕೊಳ್ಳಿ: 103, 98, 110, 105. ಪ್ರತಿಯೊಂದೂ 16 ಬಿಟ್ಟಿನ ಸಂಖ್ಯೆ, ಅಂದರೆ ಎರಡೆರಡು ಬೈಟ್. ಮೇಲಿನ ಬೈಟ್ ನಾಲ್ಕರಲ್ಲೂ ಸೊನ್ನೆ. ಕೆಳಗಿನ ಬೈಟನ್ನು ಬಿಟ್ ಬಿಟ್ಟಾಗಿ ಬರೆದರೆ 01100111, 01100010, 01101110, 01101001. ನೋಡಿ, ಮೊದಲ ನಾಲ್ಕು ಬಿಟ್ ಎಲ್ಲದರಲ್ಲೂ 0110. ಬದಲಾಗುತ್ತಿರೋದು ಕೊನೆಯ ನಾಲ್ಕು ಮಾತ್ರ. 16 ಬಿಟ್ಟಿನಲ್ಲಿ 12 ಬಿಟ್ ಸುಮ್ನೆ ಜಾಗ ತಿನ್ನುತ್ತಿವೆ. ಉಳಿದ ನಾಲ್ಕು ಪಕ್ಕಾ ನಾಯ್ಸ್, ಅದರಲ್ಲಿ ಒಂದು ಬಿಟ್ಟನ್ನೂ ಯಾರೂ ಉಳಿಸಿಕೊಡಲಾರರು.

ನಿಮ್ಮ ಕ್ಯಾಮೆರಾದ ನಾಯ್ಸ್ ಅಳೆಯೋಕೆ ಹೀಗೆ ಮಾಡಿ. ಅಲುಗದ ಒಂದೇ ದೃಶ್ಯದ ಎರಡು ಚಿತ್ರ ಬೆನ್ನುಬೆನ್ನಿಗೆ ತೆಗೆಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಕಳೆಯುವ ಮುಂಚೆ ಎರಡನ್ನೂ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಕೊಳ್ಳಿ, ಇಲ್ಲದಿದ್ದರೆ ಋಣ ಸಂಖ್ಯೆಗಳು ಸುತ್ತಿ ಬಂದು 65,000 ಆಗಿ ಕೂರುತ್ತವೆ. ಬಂದ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು 1.414ರಿಂದ ಭಾಗಿಸಿ. ಅದೇ ಒಂದು ಚಿತ್ರದ ನಾಯ್ಸ್, ಅದನ್ನು ಸಿಗ್ಮಾ ಅನ್ನೋಣ.

ಸಿಗ್ಮಾ ಸಿಕ್ಕಿತಾ? ಅದರ ಲಾಗ್ ತೆಗೆಯಿರಿ, ಎರಡರ ಬೇಸ್‌ನಲ್ಲಿ. ಅದಕ್ಕೆ 2.05 ಕೂಡಿಸಿ. ಒಂದು ಪಿಕ್ಸೆಲ್ಲಿಗೆ ಕನಿಷ್ಠ ಇಷ್ಟು ಬಿಟ್ ಬೇಕೇ ಬೇಕು. ಸಿಗ್ಮಾ 4 ಇದ್ದರೆ 4.05 ಬಿಟ್, ಅಂದರೆ 16 ಬಿಟ್ ಚಿತ್ರ ಹೆಚ್ಚೆಂದರೆ 4 ಪಟ್ಟು ಕುಗ್ಗುತ್ತದೆ. 16 ಇದ್ದರೆ 6.05 ಬಿಟ್, 2.6 ಪಟ್ಟು. 64 ಇದ್ದರೆ 2 ಪಟ್ಟು ಬಂದರೆ ಪುಣ್ಯ. ಇದು ಏನೂ ಕಳೆದುಕೊಳ್ಳದೆ ಕುಗ್ಗಿಸುವ ಲಾಸ್‌ಲೆಸ್ ವಿಧಾನದ ಮಾತು. ಯಾರಾದರೂ ಬಂದು "ನಮ್ಮ ಸಾಫ್ಟ್‌ವೇರ್ ಒಂದು ಬಿಟ್ಟೂ ಕಳೆಯದೆ 10 ಪಟ್ಟು ಕುಗ್ಗಿಸುತ್ತದೆ" ಅಂದರೆ ಯಾವ ಚಿತ್ರದ ಮೇಲೆ ಅಂತ ಕೇಳಿ. ಬಹುಶಃ ಮುಕ್ಕಾಲು ಭಾಗ ಸೊನ್ನೆಯೇ ಇರುವ ಚಿತ್ರ ತೋರಿಸುತ್ತಾರೆ.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಕ್ಯಾಮೆರಾ 12 ಬಿಟ್ಟಿನದ್ದಾದರೂ ಫೈಲ್ 16 ಬಿಟ್ಟಿನಲ್ಲಿ ಬರೆಯೋದು ಮಾಮೂಲಿ. ಕೆಲವು ಸಾಫ್ಟ್‌ವೇರ್‌ಗಳು ಎಲ್ಲ ಸಂಖ್ಯೆಯನ್ನೂ 16ರಿಂದ ಗುಣಿಸಿ ಮೇಲಕ್ಕೆ ತಳ್ಳಿರುತ್ತವೆ. ಪಿಕ್ಸೆಲ್‌ಗಳೆಲ್ಲ 16ರ ಮಗ್ಗಿಯಲ್ಲೇ ಬರುತ್ತಿವೆಯಾ ನೋಡಿ. ಹಾಗಿದ್ದರೆ ಮೇಲಿನ ಸೂತ್ರ ಹಾಕುವ ಮುಂಚೆ ಸಿಗ್ಮಾವನ್ನೂ 16ರಿಂದ ಭಾಗಿಸಬೇಕು.

3. ಲಾಸ್‌ಲೆಸ್: ಅಡ್ಡಕ್ಕಿಟ್ಟದ್ದನ್ನು ಉದ್ದಕ್ಕಿಡಿ

ಮೇಲಿನ ನಾಲ್ಕು ಪಿಕ್ಸೆಲ್‌ಗಳು ಡಿಸ್ಕಿನಲ್ಲಿ 103, 0, 98, 0, 110, 0, 105, 0 ಅಂತ ಕೂತಿರುತ್ತವೆ. ಝಿಪ್ ಥರದ ವಿಧಾನ ಇದನ್ನು ನೋಡಿದರೆ ತಡವರಿಸುತ್ತದೆ, ಯಾಕೆಂದರೆ ಅದು ಹುಡುಕೋದು ಮರುಕಳಿಸುವ ಸಾಲುಗಳನ್ನು, ಅದೂ ಹಿಂದಿನ 32 ಕೆಬಿ ಒಳಗೆ. ಕೆಳಗಿನ ಬೈಟ್‌ಗಳನ್ನೆಲ್ಲ ಒಂದು ಕಡೆ, ಮೇಲಿನವನ್ನೆಲ್ಲ ಇನ್ನೊಂದು ಕಡೆ ಸೇರಿಸಿದರೆ ಸೊನ್ನೆಗಳ ಉದ್ದ ಸಾಲು ಸಿಗುತ್ತದೆ. ಇದಕ್ಕೆ ಶಫಲ್ ಅಂತ ಹೆಸರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಟ್‌ಗಳನ್ನೇ ಹಾಗೆ ವಿಂಗಡಿಸಿದರೆ ಬಿಟ್‌ಶಫಲ್. ಆಗ 0110 ಭಾಗವೂ ಬೇರೆಯಾಗಿ ಬಂದು ಅದೂ ಕುಗ್ಗುತ್ತದೆ. ನಾಯ್ಸ್ ಇರುವ 16 ಬಿಟ್ ಚಿತ್ರಗಳಿಗೆ ಈ ಒಂದು ಆಯ್ಕೆ ಕೊಡುವಷ್ಟು ಲಾಭವನ್ನು ಕಂಪ್ರೆಶನ್ ಲೆವೆಲ್ ಏರಿಸೋದು ಯಾವತ್ತೂ ಕೊಟ್ಟಿಲ್ಲ.

ನನ್ನ ಸಲಹೆ ಇಷ್ಟೇ. ಬಿಟ್‌ಶಫಲ್ ಜೊತೆ ಝಡ್‌ಸ್ಟ್ಯಾಂಡರ್ಡ್ ಅನ್ನುವ ಕಂಪ್ರೆಶನ್ ಹಾಕಿ, ಲೆವೆಲ್ 1ರಿಂದ 5ರೊಳಗೆ ಇರಲಿ. ವೇಗವೇ ಮುಖ್ಯ, ಚಿತ್ರ ನೇರವಾಗಿ ಕ್ಯಾಮೆರಾದಿಂದ ಬರುತ್ತಿದೆ ಅನ್ನುವುದಾದರೆ ಅದಕ್ಕಿಂತ ಚುರುಕಿನ ಎಲ್‌ಝಡ್4. ಎಕ್ಸ್‌ರೇ ಡಿಟೆಕ್ಟರ್‌ಗಳಲ್ಲಿ ಬಿಟ್‌ಶಫಲ್ ಜೊತೆ ಎಲ್‌ಝಡ್4 ಈಗ ಮಾಮೂಲಿ ಜೋಡಿ. ಝಡ್‌ಸ್ಟ್ಯಾಂಡರ್ಡ್ ಲೆವೆಲ್ 19ಕ್ಕೆ ಏರಿಸಿದರೆ ಸಮಯ ಹತ್ತಾರು ಪಟ್ಟು ಹೋಗುತ್ತದೆ, ಜಾಗ ಉಳಿಯೋದು ಚೂರುಪಾರು. ಎರಡನೇ ಹೆಜ್ಜೆಯಲ್ಲಿ ಲೆಕ್ಕ ಹಾಕಿದ ಗಡಿಗೆ ಆಗಲೇ ಹತ್ತಿರ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಖಗೋಳದವರಿಗೆ ಬೇರೆ ದಾರಿ ಆಗಲೇ ಇದೆ. ಖಗೋಳದ ಚಿತ್ರಗಳನ್ನು ಇಡುವ ಫಿಟ್ಸ್ ಫೈಲ್‌ಗಳನ್ನು ಎಫ್‌ಪ್ಯಾಕ್ ಅನ್ನುವ ಉಪಕರಣ ರೈಸ್ ವಿಧಾನದಲ್ಲಿ ಕುಗ್ಗಿಸುತ್ತದೆ, ಮತ್ತು ನಾಯ್ಸ್ ಇರುವ ಪೂರ್ಣಾಂಕ ಚಿತ್ರಗಳಿಗೆ ರೈಸ್ ತುಂಬಾ ಚೆನ್ನಾಗಿ ಹೊಂದುತ್ತದೆ. ಒಂದೇ ಎಚ್ಚರಿಕೆ: ಪೂರ್ಣಾಂಕ ಕೊಟ್ಟರೆ ಅದು ಲಾಸ್‌ಲೆಸ್, ಫ್ಲೋಟ್ ಕೊಟ್ಟರೆ ತಾನಾಗೇ ಕ್ವಾಂಟೈಸ್ ಮಾಡಿ (ಸಂಖ್ಯೆಗಳನ್ನು ಹತ್ತಿರದ ಮೆಟ್ಟಿಲಿಗೆ ಹೊಂದಿಸಿ) ಲಾಸಿ, ಅಂದರೆ ಸ್ವಲ್ಪ ಕಳೆದುಕೊಂಡು ಕುಗ್ಗಿಸುವ ವಿಧಾನ, ಆಗಿಬಿಡುತ್ತದೆ. ಗೊತ್ತಿದ್ದು ಮಾಡಿದರೆ ಸರಿ. ಗೊತ್ತಿಲ್ಲದೆ ಆದರೆ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಟಿಫ್ ಅನ್ನುವ ಚಿತ್ರದ ಫೈಲ್ ಒಳಗೆ ಎಲ್‌ಝಡ್‌ಡಬ್ಲ್ಯೂ ಕಂಪ್ರೆಶನ್ ಆನ್ ಮಾಡಿ ಫೈಲ್ ಮೂಲಕ್ಕಿಂತ ದೊಡ್ಡದಾಗಿದ್ದನ್ನು ನಾನೇ ನೋಡಿದ್ದೇನೆ. ನಾಯ್ಸ್ ಜಾಸ್ತಿ ಇರುವ 16 ಬಿಟ್ ಚಿತ್ರಕ್ಕೆ ಹಾಗೆ ಆಗುತ್ತದೆ. ಟಿಫ್ ಬಿಡೋಕೆ ಆಗಲ್ಲ ಅನ್ನುವುದಾದರೆ ಪ್ರೆಡಿಕ್ಟರ್ ಅನ್ನುವ ಆಯ್ಕೆಯನ್ನು ಆನ್ ಮಾಡಿ, ಅದು ಪಕ್ಕದ ಪಿಕ್ಸೆಲ್ಲಿನ ವ್ಯತ್ಯಾಸ ಮಾತ್ರ ಬರೆಯುತ್ತದೆ.

ಯಾರ ಮಾತನ್ನೂ, ನನ್ನದನ್ನೂ, ನಂಬಿ ಕೂರಬೇಡಿ. ನಿಮ್ಮ ಸಂಗ್ರಹದಿಂದ ಮಾಮೂಲಿ, ತುಂಬಾ ಮಂದ, ತುಂಬಾ ಪ್ರಕಾಶಮಾನ ಅಂತ ಮೂರು ಥರದ ಒಂದೊಂದು ಫೈಲ್ ಆರಿಸಿ ನಾಲ್ಕೈದು ವಿಧಾನ ಓಡಿಸಿ. ಗಾತ್ರ ಬರೆದುಕೊಳ್ಳಿ, ಕುಗ್ಗಿಸಲು ಹಿಡಿದ ಸಮಯ ಬರೆದುಕೊಳ್ಳಿ, ಬಿಚ್ಚಲು ಹಿಡಿದ ಸಮಯವನ್ನಂತೂ ಮರೆಯಲೇಬೇಡಿ. ಒಮ್ಮೆ ಬರೆದದ್ದನ್ನು ನೂರು ಸಲ ಓದುತ್ತೇವೆ.

4. ಲಾಸಿ ಬೇಕಾ ಬೇಡವಾ

ಲಾಸಿ ಅಂದ ಕೂಡಲೇ ಕೆಲವರು ಹೌಹಾರುತ್ತಾರೆ. ಇನ್ನು ಕೆಲವರು ಕಣ್ಣಿಗೆ ವ್ಯತ್ಯಾಸ ಕಾಣಲ್ಲ ಅಂತ ಜೆಪೆಗ್ ಒತ್ತುತ್ತಾರೆ. ಇಬ್ಬರೂ ಲೆಕ್ಕ ಮಾಡಿರೋದಿಲ್ಲ.

ಮೊದಲು ನನ್ನ ಕೈ ಸುಟ್ಟುಕೊಂಡ ಕಥೆ. ಆರು ಗಂಟೆಯ ಒಂದು ಟೈಮ್‌ಲ್ಯಾಪ್ಸ್. ಜಾಗ ಉಳಿಸೋಕೆ ಅಂತ ಅದನ್ನು 8 ಬಿಟ್ಟಿಗೆ ಇಳಿಸಿ, ಮೂಲವನ್ನು ಅಳಿಸಿದ್ದೆ. ಎರಡು ತಿಂಗಳ ನಂತರ ಜೊತೆಗಿದ್ದ ವಿದ್ಯಾರ್ಥಿಯೊಬ್ಬರು ಹೊಳಪಿನ ಗ್ರಾಫ್ ಹಿಡಿದು ಖುಷಿಯಿಂದ ಬಂದರು. ಆರು ಗಂಟೆ ಲೇಸರ್ ಬಿದ್ದರೂ ಬಣ್ಣ ಒಂಚೂರೂ ಮಂಕಾಗಿಲ್ಲ, ಗೆರೆ ಹಲಗೆಯ ಹಾಗೆ ಸಪಾಟು! ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಎಕ್ಸ್‌ಪೋರ್ಟ್ ಮಾಡುವಾಗ ಆಟೋ ಕಾಂಟ್ರಾಸ್ಟ್ ಆನ್ ಇತ್ತು. ಪ್ರತಿ ಚಿತ್ರವನ್ನೂ ಅದರದೇ ಅತಿ ಕಡಿಮೆ, ಅತಿ ಹೆಚ್ಚಿನ ಬೆಲೆಗೆ ಹಿಗ್ಗಿಸಿ ಬರೆದಿತ್ತು. ಮಂಕಾದದ್ದೆಲ್ಲ ಮತ್ತೆ ಹೊಳೆಯುತ್ತಿತ್ತು. ಇಲ್ಲಿ ಹಾಳು ಮಾಡಿದ್ದು ಕಂಪ್ರೆಶನ್ ಅಲ್ಲ, ಅದಕ್ಕೂ ಮುಂಚಿನ ಒಂದು ಟಿಕ್ ಗುರುತು. ಮೂಲ ಇರಲಿಲ್ಲ, ಪ್ರಯೋಗವನ್ನೇ ಮತ್ತೆ ಮಾಡಿದೆವು.

ಹಾಗಂತ ಲಾಸಿ ಕೆಟ್ಟದ್ದೇ ಅಂತಲ್ಲ. ಸಿಗ್ಮಾ 16 ಇರುವ ಚಿತ್ರದಲ್ಲಿ 1000ಕ್ಕೂ 1001ಕ್ಕೂ ಏನು ಅರ್ಥದ ವ್ಯತ್ಯಾಸ? ಅದೇ ಪಿಕ್ಸೆಲ್ ಮತ್ತೊಮ್ಮೆ ಅಳೆದಿದ್ದರೆ 985 ಬರುತ್ತಿತ್ತೇನೋ. ನಾಯ್ಸಿನ ಕೊನೆಯ ಬಿಟ್‌ಗಳನ್ನು ಅಷ್ಟು ಜೋಪಾನವಾಗಿ ಕಾಪಾಡೋದಕ್ಕೆ ಡಿಸ್ಕ್ ಕೊಳ್ಳುತ್ತಿದ್ದೇವೆ. ಸಂಖ್ಯೆಗಳನ್ನು ಸಿಗ್ಮಾದ ಅರ್ಧದಷ್ಟು ಹೆಜ್ಜೆಗೆ, ಅಂದರೆ ಇಲ್ಲಿ 8ರ ಮಗ್ಗಿಗೆ, ಸರಿಹೊಂದಿಸಿದರೆ ಏನಾಗುತ್ತದೆ? ಹೀಗೆ ಹೊಂದಿಸುವಾಗ ಸೇರುವ ತಪ್ಪಿನ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ವರ್ಗ) ಅಂದರೆ ಹೆಜ್ಜೆಯ ವರ್ಗದ ಹನ್ನೆರಡನೇ ಒಂದು ಭಾಗ. ಲೆಕ್ಕ ಹಾಕಿದರೆ ಒಟ್ಟು ನಾಯ್ಸ್ ಹೆಚ್ಚೋದು ಸುಮಾರು ಶೇ. 1. ಗಾತ್ರ ಪಿಕ್ಸೆಲ್ಲಿಗೆ 6.05 ಬಿಟ್ಟಿನಿಂದ 3.05ಕ್ಕೆ ಇಳಿಯುತ್ತದೆ. 2.6 ಪಟ್ಟು ಇದ್ದದ್ದು 5 ಪಟ್ಟಿಗಿಂತ ಮೇಲಾಯಿತು. ಶೇ. 1 ನಾಯ್ಸ್ ಕೊಟ್ಟು ಡಿಸ್ಕ್ ಅರ್ಧ ಮಾಡಿಕೊಳ್ಳೋದು ನನ್ನ ಮಟ್ಟಿಗೆ ಒಳ್ಳೆಯ ವ್ಯಾಪಾರ.

ಆದರೆ ಬೆಳಕಿನ ನಾಯ್ಸ್ ಎಲ್ಲ ಕಡೆ ಒಂದೇ ಅಲ್ಲ. ಫೋಟಾನ್‌ಗಳು ಎಣಿಕೆಯ ವಸ್ತು, 100 ಬಂದ ಕಡೆ ನಾಯ್ಸ್ 10, 10,000 ಬಂದ ಕಡೆ 100. ಅಂದರೆ ವರ್ಗಮೂಲ. ಪ್ರಕಾಶಮಾನ ಜಾಗದಲ್ಲಿ ದೊಡ್ಡ ಹೆಜ್ಜೆ ಸಾಕು, ಮಂದ ಜಾಗದಲ್ಲಿ ಸಣ್ಣದೇ ಬೇಕು. ಅದಕ್ಕೆ ಹೀಗೆ ಮಾಡಿ: ಪಿಕ್ಸೆಲ್ ಬೆಲೆಯಿಂದ ಕ್ಯಾಮೆರಾದ ಆಫ್‌ಸೆಟ್ (ಬೆಳಕೇ ಇಲ್ಲದಾಗಲೂ ಬರುವ ಸಂಖ್ಯೆ) ಕಳೆಯಿರಿ, ಗೇನ್‌ನಿಂದ (ಪಿಕ್ಸೆಲ್ ಬೆಲೆಯ ಒಂದಕ್ಕೆ ಎಷ್ಟು ಎಲೆಕ್ಟ್ರಾನ್ ಅನ್ನುವ ಅಂಕಿ) ಗುಣಿಸಿ ಎಲೆಕ್ಟ್ರಾನ್ ಲೆಕ್ಕಕ್ಕೆ ತನ್ನಿ, 0.375 ಕೂಡಿಸಿ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಇದಕ್ಕೆ ಆನ್‌ಸ್ಕೂಂಬ್ ಪರಿವರ್ತನೆ ಅನ್ನುತ್ತಾರೆ. ಈಗ ನಾಯ್ಸ್ ಎಲ್ಲೆಡೆ ಹೆಚ್ಚುಕಮ್ಮಿ 1. ಅರ್ಧ ಹೆಜ್ಜೆಗೆ ಹೊಂದಿಸಿ. 30,000 ಎಲೆಕ್ಟ್ರಾನ್‌ವರೆಗಿನ ಇಡೀ ವ್ಯಾಪ್ತಿ ಸುಮಾರು 690 ಮೆಟ್ಟಿಲುಗಳಿಗೆ ಬಂದು ನಿಲ್ಲುತ್ತದೆ, 10 ಬಿಟ್ಟಿನೊಳಗೆ! ಆಮೇಲೆ ಮಾಮೂಲಿ ಲಾಸ್‌ಲೆಸ್ ಹಾಕಿ ಇನ್ನೂ ಕುಗ್ಗಿಸಿ. ಆಫ್‌ಸೆಟ್ ಮತ್ತು ಗೇನ್ ಬೆಲೆಗಳನ್ನು ಅದೇ ಫೈಲಿನೊಳಗೆ ಬರೆದಿಡಬೇಕು, ಇಲ್ಲದಿದ್ದರೆ ವಾಪಸ್ ಬರುವ ದಾರಿಯೇ ಇಲ್ಲ.

ಮಾಮೂಲಿ ಜೆಪೆಗ್ ಯಾಕೆ ಬೇಡ? ಅದು 8 ಬಿಟ್ಟಿನದು, ಚಿತ್ರವನ್ನು 8 × 8 ಚೌಕಗಳಾಗಿ ಕತ್ತರಿಸುತ್ತದೆ, ಏನು ಬಿಸಾಡಬೇಕು ಅನ್ನೋದನ್ನು ಮನುಷ್ಯನ ಕಣ್ಣನ್ನು ನೆನೆದು ತೀರ್ಮಾನಿಸುತ್ತದೆ. ನಿಮ್ಮ ಅಳತೆಗೆ ಕಣ್ಣಿಲ್ಲ. ಜೋರಾಗಿ ಕುಗ್ಗಿಸಿದರೆ ಅಂಚು ಹುಡುಕುವ ಪ್ರೋಗ್ರಾಂ ಆ ಚೌಕಗಳ ಅಂಚನ್ನೇ ಜೀವಕೋಶದ ಅಂಚು ಅಂದುಕೊಳ್ಳುತ್ತದೆ. ಅಂಗಾಂಶದ ಸ್ಲೈಡ್ ಸ್ಕ್ಯಾನ್‌ಗಳಲ್ಲಿ ಮಾತ್ರ ಜೆಪೆಗ್ ಚಾಲ್ತಿಯಲ್ಲಿದೆ, ಕಾರಣವೂ ಇದೆ. 15 ಮಿಮೀ ಚೌಕದ ಅಂಗಾಂಶವನ್ನು ಪಿಕ್ಸೆಲ್ಲಿಗೆ 0.25 ಮೈಕ್ರಾನಿನಂತೆ ತೆಗೆದರೆ 60,000 × 60,000 ಪಿಕ್ಸೆಲ್, ಮೂರು ಬಣ್ಣ ಸೇರಿ 10.8 ಜಿಬಿ, ಒಂದೇ ಸ್ಲೈಡಿಗೆ. ಅಲ್ಲಿ ನೋಡೋದು ಬಹುಮಟ್ಟಿಗೆ ಮನುಷ್ಯನ ಕಣ್ಣೇ. ಒಂದು ಒಳ್ಳೆಯ ಅಭ್ಯಾಸವನ್ನು ವೈದ್ಯಕೀಯ ಚಿತ್ರಗಳ ಫೈಲ್ ಮಾನದಂಡವಾದ ಡೈಕಾಮ್‌ನಿಂದ ಕಲಿಯಬಹುದು: ಒಮ್ಮೆ ಲಾಸಿ ಕಂಪ್ರೆಶನ್ ಆದರೆ ಫೈಲಿನೊಳಗೆ ಅದರ ಗುರುತು ಬೀಳುತ್ತದೆ, ಆಮೇಲೆ ಬಿಚ್ಚಿ ಬೇರೆ ರೂಪದಲ್ಲಿ ಬರೆದರೂ ಆ ಗುರುತನ್ನು ತೆಗೆಯುವಂತಿಲ್ಲ.

ಯಾವ ಪಿಕ್ಸೆಲ್ ಯಾವ ಕೋಶದ್ದು ಅಂತ ನಂಬರ್ ಹಾಕಿಟ್ಟ ಮಾಸ್ಕ್ ಮತ್ತು ಲೇಬಲ್ ಚಿತ್ರಗಳಿಗೆ ಲಾಸಿ ಯಾವತ್ತೂ ಬೇಡ. ಜೀವಕೋಶ 41 ಮತ್ತು 43ರ ನಡುವೆ 42 ಅಂತ ಹೊಸ ಕೋಶ ಹುಟ್ಟಿಬಿಡುತ್ತದೆ. ಅವು ಲಾಸ್‌ಲೆಸ್‌ನಲ್ಲೇ ಹತ್ತಾರು ಪಟ್ಟು ಕುಗ್ಗುತ್ತವೆ, ಬಿಡಿ.

5. ಡಬ್ಬ ಯಾವುದು

ಕುಗ್ಗಿಸಿದ್ದನ್ನು ಯಾವ ಡಬ್ಬದಲ್ಲಿ, ಅಂದರೆ ಯಾವ ಬಗೆಯ ಫೈಲಿನಲ್ಲಿ, ಇಡೋದು ಅನ್ನೋದಕ್ಕೆ ನಿಮ್ಮ ಕ್ಷೇತ್ರದ ರೂಢಿ ನೋಡಿ, ಅದೇ ಸಾಕು. ಖಗೋಳದಲ್ಲಿ ಫಿಟ್ಸ್, 1981ರಿಂದ ಇದೆ, ಇವತ್ತಿಗೂ ಹಳೆಯ ಫೈಲ್ ತೆರೆಯುತ್ತದೆ. ಆಸ್ಪತ್ರೆಯಲ್ಲಿ ಡೈಕಾಮ್. ಮೈಕ್ರೋಸ್ಕೋಪಿಯಲ್ಲಿ ಓಎಂಇ ಟಿಫ್ ಅಥವಾ ಓಎಂಇ ಝಾರ್. ಮಾಮೂಲಿ ಟಿಫ್‌ನಲ್ಲಿ 4 ಜಿಬಿ ದಾಟೋಕೆ ಆಗಲ್ಲ, ಒಳಗಿನ ವಿಳಾಸಗಳು 32 ಬಿಟ್ಟಿನವು. ನಮ್ಮ 4.2 ಜಿಬಿ ವಾಲ್ಯೂಮ್ ಅದರಲ್ಲಿ ಹಿಡಿಸುತ್ತದೋ ಇಲ್ಲವೋ ಅನ್ನುವ ಗಡಿಯಲ್ಲೇ ನಿಲ್ಲುತ್ತದೆ. ಬಿಗ್‌ಟಿಫ್ ಬಳಸಿ.

ಎಚ್‌ಡಿಎಫ್5 ಎಲ್ಲದಕ್ಕೂ ಒಗ್ಗುತ್ತದೆ, ಆದರೆ ಒಂದು ಕಿರಿಕಿರಿ ಇದೆ. ಬಿಟ್‌ಶಫಲ್, ಝಡ್‌ಸ್ಟ್ಯಾಂಡರ್ಡ್ ಎಲ್ಲ ಅದಕ್ಕೆ ಪ್ಲಗಿನ್‌ಗಳು. ಫೈಲ್ ತೆರೆಯುವ ಕಂಪ್ಯೂಟರಿನಲ್ಲಿ ಆ ಪ್ಲಗಿನ್ ಇಲ್ಲದಿದ್ದರೆ ಚಿತ್ರ ಓದೋಕೆ ಬರಲ್ಲ, ಅಷ್ಟೇ. ಹತ್ತು ಜನರಿಗೆ ಹಂಚುವ ಫೈಲಾದರೆ ಶಫಲ್ ಜೊತೆ ಜಿಝಿಪ್ ಹಾಕಿ. ಸ್ವಲ್ಪ ನಿಧಾನ, ಸ್ವಲ್ಪ ದೊಡ್ಡದು, ಆದರೆ ಎಲ್ಲ ಕಡೆ ತೆರೆಯುತ್ತದೆ.

6. ತುಂಡಿನ ಆಕಾರ

ಎಚ್‌ಡಿಎಫ್5 ಆಗಲಿ ಝಾರ್ ಆಗಲಿ, ದೊಡ್ಡ ವಾಲ್ಯೂಮನ್ನು ಚಂಕ್ ಅನ್ನುವ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸಿ ಇಡುತ್ತದೆ. ಒಂದು ಪಿಕ್ಸೆಲ್ ಬೇಕೆಂದರೂ ಅದಿರುವ ಇಡೀ ತುಂಡನ್ನು ಬಿಚ್ಚಬೇಕು. ಹಾಗಾಗಿ ಆಕಾರ ಮುಖ್ಯ.

ನಮ್ಮ 500 ಪದರದ ವಾಲ್ಯೂಮನ್ನೇ ತಗೊಳ್ಳಿ. ಒಂದು ಪದರಕ್ಕೆ ಒಂದು ತುಂಡು ಅಂತ ಇಟ್ಟರೆ ಕ್ಯಾಮೆರಾಗೆ ಬರೆಯೋದು ಸುಲಭ, ಮೇಲಿಂದ ಒಂದು ಪದರ ನೋಡೋಕೆ 8.4 ಎಂಬಿ ಓದಿದರೆ ಸಾಕು. ಈಗ ಭ್ರೂಣವನ್ನು ಪಕ್ಕದಿಂದ ಸೀಳಿ ನೋಡಬೇಕು ಅನ್ನಿ. ಬೇಕಾದ ಚಿತ್ರ 2 ಎಂಬಿ, ಆದರೆ ಅದರ ಒಂದೊಂದು ಗೆರೆ ಒಂದೊಂದು ತುಂಡಿನಲ್ಲಿದೆ. 500 ತುಂಡನ್ನೂ ಬಿಚ್ಚಬೇಕು, 4.2 ಜಿಬಿ. ಮೌಸ್ ಸರಿಸಿದಾಗಲೆಲ್ಲ ಇದೇ ಗೋಳು.

64 × 64 × 64ರ ಘನ ಮಾಡಿದರೆ ಪಕ್ಕದ ನೋಟಕ್ಕೆ 256 ತುಂಡು, ಸುಮಾರು 134 ಎಂಬಿ. ಚೆನ್ನಾಯಿತು. ಆದರೆ ಮೇಲಿನ ನೋಟಕ್ಕೆ 1024 ತುಂಡು, 537 ಎಂಬಿ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಆಳಕ್ಕೆ 16, ಅಗಲ ಉದ್ದಕ್ಕೆ 256 × 256 ಇಟ್ಟರೆ 134, 537 ಎಂಬಿ ಅನ್ನುವ ಈ ಎರಡು ಅಂಕಿ ಅದಲುಬದಲಾಗುತ್ತವೆ. ನಾನು ಸಾಮಾನ್ಯವಾಗಿ ಇದನ್ನೇ ಹಾಕೋದು, ಯಾಕೆಂದರೆ ನಮ್ಮಲ್ಲಿ ಮೇಲಿಂದ ನೋಡುವವರೇ ಜಾಸ್ತಿ. ನಿಮ್ಮಲ್ಲಿ ಒಂದೇ ಪಿಕ್ಸೆಲ್ಲಿನ ಹೊಳಪನ್ನು ಕಾಲಕ್ಕೆ ತಕ್ಕಂತೆ ನೋಡುವವರಿದ್ದರೆ ಕಾಲದ ದಿಕ್ಕಿಗೆ ಉದ್ದದ ತುಂಡು ಬೇಕು. ಬಳಸುವವರನ್ನು ಕೇಳಿ, ಊಹಿಸಬೇಡಿ.

ಗಾತ್ರ ಕುಗ್ಗಿಸುವ ಮುಂಚೆ ಒಂದರಿಂದ ಕೆಲವು ಎಂಬಿ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಚ್‌ಡಿಎಫ್5ನಲ್ಲಿ ಚಂಕ್ ಕ್ಯಾಶ್, ಅಂದರೆ ಬಿಚ್ಚಿದ ತುಂಡನ್ನು ಹಿಡಿದಿಡುವ ಮೆಮೊರಿ, ಬಹುಕಾಲ 1 ಎಂಬಿಗೇ ಕೂತಿತ್ತು. ತುಂಡು ಅದಕ್ಕಿಂತ ದೊಡ್ಡದಾದರೆ ಅದು ಕ್ಯಾಶಿನಲ್ಲಿ ನಿಲ್ಲಲ್ಲ, ಒಂದೇ ತುಂಡನ್ನು ಮತ್ತೆ ಮತ್ತೆ ಬಿಚ್ಚುತ್ತಾ ಕೂರುತ್ತದೆ. ಕ್ಯಾಶ್ ಹೆಚ್ಚಿಸಿ.

ಝಾರ್‌ನಲ್ಲಿ ಇನ್ನೊಂದು ಬಲೆ ಇದೆ. ಅಲ್ಲಿ ಮೂಲತಃ ಒಂದು ತುಂಡು ಅಂದರೆ ಒಂದು ಫೈಲ್. 64ರ ಘನಗಳಲ್ಲಿ ಒಂದು ವಾಲ್ಯೂಮಿಗೆ 8192 ಫೈಲ್. ದಿನಕ್ಕೆ 2880 ವಾಲ್ಯೂಮ್. ಗುಣಿಸಿ ನೋಡಿ, ದಿನಕ್ಕೆ 2.36 ಕೋಟಿ ಫೈಲ್! ಅಂಥ ಫೋಲ್ಡರನ್ನು ಒಮ್ಮೆ ನಕಲು ಮಾಡೋಕೆ ಹೋದವರಿಗೆ ಗೊತ್ತು ಅದರ ಕಷ್ಟ, ಅಳಿಸೋಕೂ ದಿನ ಹಿಡಿಯುತ್ತದೆ. ಝಾರ್‌ನ ಮೂರನೇ ಆವೃತ್ತಿಯಲ್ಲಿ ಶಾರ್ಡಿಂಗ್ ಬಂದಿದೆ, ಸಾವಿರಾರು ತುಂಡುಗಳನ್ನು ಒಂದೇ ಫೈಲಿನಲ್ಲಿ ಕಟ್ಟಿ ಇಡಬಹುದು. ಹೊಸದಾಗಿ ಶುರು ಮಾಡುವವರು ಅದನ್ನೇ ಬಳಸಿ.

7. ಅಳಿಸುವ ಮುಂಚೆ ವಾಪಸ್ ಓದಿ

ಕುಗ್ಗಿಸಿದ ಫೈಲನ್ನು ಬೇರೆ ಪ್ರೋಗ್ರಾಂನಿಂದ ತೆರೆದು, ಮೂಲದ ಜೊತೆ ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ. ಲಾಸ್‌ಲೆಸ್ ಆದರೆ ವ್ಯತ್ಯಾಸ ಸೊನ್ನೆ ಬರಬೇಕು, ಸುಮಾರು ಸೊನ್ನೆ ಅಲ್ಲ. ಲಾಸಿ ಆದರೆ ವ್ಯತ್ಯಾಸವನ್ನು ನೋಡಿದರೆ ಸಾಲದು, ನಿಮ್ಮ ಕೊನೆಯ ಅಳತೆಯನ್ನೇ ಎರಡರ ಮೇಲೂ ಓಡಿಸಿ: ಕೋಶಗಳ ಎಣಿಕೆ, ನಕ್ಷತ್ರದ ಹೊಳಪು, ಏನು ಅಳೆಯುತ್ತೀರೋ ಅದು. ವ್ಯತ್ಯಾಸದ ಚಿತ್ರವನ್ನು ಕಣ್ಣಿನಿಂದಲೂ ನೋಡಿ, ಅದರಲ್ಲಿ ವಸ್ತುವಿನ ಆಕಾರ ಕಂಡರೆ ನೀವು ಬಿಸಾಡಿದ್ದು ನಾಯ್ಸ್ ಮಾತ್ರ ಅಲ್ಲ.

ಚಿತ್ರದ ಜೊತೆಗಿನ ಮಾಹಿತಿಯನ್ನೂ ನೋಡಿ. ಪಿಕ್ಸೆಲ್ ಗಾತ್ರ, ಸಮಯ, ಲೆನ್ಸ್, ಎಕ್ಸ್‌ಪೋಷರ್. ರೂಪ ಬದಲಿಸುವಾಗ ಪಿಕ್ಸೆಲ್‌ಗಳು ಕ್ಷೇಮವಾಗಿ ಬಂದು ಇವು ದಾರಿಯಲ್ಲೇ ಉದುರಿಹೋಗೋದು ಸಾಮಾನ್ಯ. ಕ್ಯಾಮೆರಾ ಕಂಪನಿಯ ಮೂಲ ಫೈಲಿನ ಹೆಡರನ್ನು ಪಠ್ಯವಾಗಿ ತೆಗೆದು ಪಕ್ಕದಲ್ಲೇ ಇಟ್ಟುಬಿಡಿ, ಕೆಲವು ಕೆಬಿ ಅಷ್ಟೇ.

ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಒಳಗೆ ಒಂದು ಬಿಟ್ ಕೆಟ್ಟರೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಒಂದು ಪಟ್ಟಿಯಲ್ಲಿ ಇಡಿ. ಫೈಲ್ ಹುಟ್ಟಿದ ಕಡೆಯೇ ತೆಗೆಯಬೇಕು. ಸಾಗಿಸಿದ ಮೇಲೆ ತೆಗೆದರೆ ದಾರಿಯಲ್ಲಿ ಕೆಟ್ಟದ್ದನ್ನೇ ಸರಿ ಅಂತ ಮುದ್ರೆ ಹಾಕಿದ ಹಾಗೆ.

8. ಎಲ್ಲಿಡೋದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಎಲ್ಲರೂ ಹೇಳುವ ಮಾತೇ. ರೇಡ್ (ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದಾಗಿ ಬಳಸುವ ವ್ಯವಸ್ಥೆ) ಇದೆಯಲ್ಲ ಅನ್ನಬೇಡಿ. ರೇಡ್ ಡಿಸ್ಕ್ ಸತ್ತಾಗ ಕಾಯುತ್ತದೆ, ತಪ್ಪಾಗಿ ಅಳಿಸಿದಾಗ ಆ ಅಳಿಸುವಿಕೆಯನ್ನೂ ನಿಷ್ಠೆಯಿಂದ ಎಲ್ಲ ಡಿಸ್ಕಿಗೂ ಮಾಡುತ್ತದೆ. 2021ರ ಡಿಸೆಂಬರಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ 77 ಟಿಬಿ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ಅಳಿಸಿದ್ದು ಯಾರು ಗೊತ್ತಾ? ಬ್ಯಾಕಪ್ ಸ್ಕ್ರಿಪ್ಟ್. ಅದು ಓಡುತ್ತಿರುವಾಗಲೇ ಅದನ್ನು ಹೊಸದರಿಂದ ಬದಲಿಸಿದ್ದರು. ಬ್ಯಾಕಪ್ ಪ್ರತಿಯ ಮೇಲೆ ಬರೆಯುವ ಅನುಮತಿ ಮುಖ್ಯ ಕಂಪ್ಯೂಟರಿಗೆ ಇರಬಾರದು ಅನ್ನೋದು ಇಂಥದ್ದಕ್ಕೇ.

ಈ ವಾರ ಕೆಲಸ ಮಾಡುತ್ತಿರುವುದು ಎಸ್‌ಎಸ್‌ಡಿಯಲ್ಲಿ, ಈ ವರ್ಷದ್ದು ಹಾರ್ಡ್ ಡಿಸ್ಕ್ ಸರ್ವರಿನಲ್ಲಿ, ಉಳಿದದ್ದು ಮ್ಯಾಗ್ನೆಟಿಕ್ ಟೇಪಿನಲ್ಲಿ. ಟೇಪ್ ಅಂದರೆ ನಗುವವರಿದ್ದಾರೆ, ಆದರೆ ದೊಡ್ಡ ಸಂಗ್ರಹ ಸುಮ್ಮನೆ ಕೂರೋಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ, ಕರೆಂಟ್ ತಿನ್ನಲ್ಲ, ಕಪಾಟಿನಲ್ಲಿರುವ ಟೇಪನ್ನು ಯಾವ ಸ್ಕ್ರಿಪ್ಟೂ ಅಳಿಸಲ್ಲ. ಎಲ್‌ಟಿಓ-9 ಟೇಪಿನಲ್ಲಿ 18 ಟಿಬಿ ಹಿಡಿಯುತ್ತದೆ. ಡಬ್ಬದ ಮೇಲೆ 45 ಟಿಬಿ ಅಂತ ಬರೆದಿರುತ್ತದೆ, ನಂಬಬೇಡಿ. ಅದು 2.5 ಪಟ್ಟು ಕುಗ್ಗಬಲ್ಲ ದತ್ತಾಂಶದ ಲೆಕ್ಕ. ನೀವು ಆಗಲೇ ಕುಗ್ಗಿಸಿದ್ದೀರಿ, ಕಬ್ಬು ಹಿಂಡಿದ ಮೇಲೆ ಸಿಪ್ಪೆಯಲ್ಲಿ ಇನ್ನೇನು ರಸ. ಸೆಕೆಂಡಿಗೆ 400 ಎಂಬಿಯಂತೆ ಒಂದು ಟೇಪ್ ತುಂಬೋಕೆ 12.5 ಗಂಟೆ. ಆ ವೇಗದಲ್ಲಿ ಉಣಿಸದಿದ್ದರೆ ಟೇಪ್ ನಿಲ್ಲುತ್ತಾ, ಹಿಂದೆ ಸರಿಯುತ್ತಾ, ಮತ್ತೆ ಓಡುತ್ತಾ ಸವೆಯುತ್ತದೆ. ಹಾಗಾಗಿ ಸಣ್ಣ ಫೈಲ್‌ಗಳನ್ನು ನೇರವಾಗಿ ಟೇಪಿಗೆ ಹಾಕಬೇಡಿ, 50–100 ಜಿಬಿಯ ಟಾರ್ ಕಟ್ಟುಗಳಾಗಿ ಮಾಡಿ. ಕಟ್ಟಿನೊಳಗೆ ಏನಿದೆ ಅನ್ನುವ ಪಟ್ಟಿ ಮತ್ತು ಚೆಕ್‌ಸಮ್ ಡಿಸ್ಕಿನಲ್ಲೇ ಇರಲಿ. ಒಂದು ಫೈಲ್ ಹುಡುಕೋಕೆ ಟೇಪ್‌ಗಳನ್ನೆಲ್ಲ ತಿರುಗಿಸುವ ಪರಿಸ್ಥಿತಿ ಯಾರಿಗೂ ಬೇಡ.

ಕ್ಲೌಡ್‌ನ ಶೀತಲ ಸಂಗ್ರಹದಲ್ಲಿ ಇಡೋಕೆ ಕಡಿಮೆ, ತೆಗೆಯೋಕೆ ಜಾಸ್ತಿ ದುಡ್ಡು. ಇಡೀ ಸಂಗ್ರಹವನ್ನು ಒಮ್ಮೆ ವಾಪಸ್ ತರಿಸಲು ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಆಮೇಲೆ ಸಹಿ ಮಾಡಿ.

9. ಮತ್ತೆ ಕ್ಯಾಮೆರಾ ಹತ್ತಿರ ಹೋಗಿ

ಇಷ್ಟೆಲ್ಲ ಆದ ಮೇಲೆ ಒಮ್ಮೆ ಆ 500 ಪದರಗಳನ್ನು ತೆರೆದು ನೋಡಿ. ಭ್ರೂಣ ಇರೋದು ನಡುವಿನ ಒಂದು ಭಾಗದಲ್ಲಿ, ಉಳಿದದ್ದು ಕತ್ತಲೆ. ಆ ಕತ್ತಲೆಯೂ ಪಿಕ್ಸೆಲ್ಲಿಗೆ ನಾಲ್ಕೈದು ಬಿಟ್ ತಿನ್ನುತ್ತದೆ. ಅಂಚು ಕತ್ತರಿಸಿದರೆ, ಅಥವಾ ಹೊರಗಿನ ಭಾಗವನ್ನು ಒಂದೇ ಸಂಖ್ಯೆಯಿಂದ ತುಂಬಿಸಿದರೆ, ಅದು ಹೆಚ್ಚುಕಮ್ಮಿ ಮಾಯವಾಗುತ್ತದೆ. ಮುಂಚೆ ಒಂದು ಮೂಲೆಯ ಕತ್ತಲೆಯನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ, ಹಿನ್ನೆಲೆ ಎಷ್ಟಿತ್ತು ಅಂತ ಮುಂದೆ ಯಾರಾದರೂ ಕೇಳೇ ಕೇಳುತ್ತಾರೆ. ಲೆನ್ಸ್ ತೋರಿಸಬಲ್ಲ ವಿವರಕ್ಕಿಂತ ಪಿಕ್ಸೆಲ್ ತೀರಾ ಸಣ್ಣದಿದ್ದರೆ 2 × 2 ಬಿನ್ನಿಂಗ್ ಮಾಡಿ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡೋದು), ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. 30 ಸೆಕೆಂಡಿಗೊಮ್ಮೆ ಬೇಕೇ ಬೇಕಾ, ಒಂದು ನಿಮಿಷ ಸಾಲದಾ ಅಂತಲೂ ಪ್ರಯೋಗ ಮಾಡುವವರನ್ನು ಕೇಳಿ. ಸ್ವಲ್ಪ ಮುಖ ಊದಿಸಿಕೊಳ್ಳುತ್ತಾರೆ, ಪರವಾಗಿಲ್ಲ.

ಕೊನೆಗೆ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದು ದಿನ ಗುರುತು ಹಾಕಿ. ಅವತ್ತು ಪಟ್ಟಿಯಿಂದ ಕಣ್ಣು ಮುಚ್ಚಿ ಒಂದು ಹಳೆಯ ಫೈಲ್ ಆರಿಸಿ, ಟೇಪಿನಿಂದ ತರಿಸಿ, ಚೆಕ್‌ಸಮ್ ಹೋಲಿಸಿ, ಆ ಪ್ರಯೋಗಕ್ಕೆ ಸಂಬಂಧವೇ ಇಲ್ಲದವರ ಕಂಪ್ಯೂಟರಿನಲ್ಲಿ ತೆರೆಯಿರಿ. ಪಕ್ಕದಲ್ಲಿ ಕೂತು ಏನೂ ಹೇಳಿಕೊಡಬೇಡಿ. ಅವರು ಯಾವ ಪ್ಲಗಿನ್ ಕೇಳಿದರು, ಯಾವ ಅಳತೆ ಸಿಗಲಿಲ್ಲ ಅಂದರು ಅನ್ನೋದನ್ನು ಬರೆದುಕೊಳ್ಳಿ.